ದಂತವಲ್ಲದ ದಂತಗಳು

ಪೂರ್ವ ಆಫ್ರಿಕದ ಕೀನ್ಯಾ ದೇಶದ ರೇವುಪಟ್ಟಣ ಮೊಂಬಾಸಾ. ಅಲ್ಲಿಗೆ ಹೋದ ಪ್ರವಾಸಿಗಳು ಎರಡು ವಸ್ತುಗಳನ್ನು ನೋಡದೆ ಮರಳುವುದಿಲ್ಲ. ಒಂದು, ಪೋರ್ಚುಗೀಸರು ೧೫೯೩ರಲ್ಲಿ ಕಟ್ಟಲಾರಂಭಿಸಿದ ಜೀಸಸ್ ಕೋಟೆ. ಇನ್ನೊಂದು ಕೋಟೆಯಷ್ಟು ಹಳೆಯದಲ್ಲ, ಅಷ್ಟು ಗಟ್ಟಿಯಾದುದೂ ಅಲ್ಲ. ಆದರೂ ಊರಿನ ಹೆಸರೆತ್ತಿದೊಡನೆ ಕಣ್ಣಮುಂದೆ ನಿಲ್ಲುವುದು ಅದೇ. ಮೋಯಿ ಅವೆನ್ಯೂ ಎಂಬ ಹೆದ್ದಾರಿಯ ಮೇಲೆ ಕಮಾನಿನಂತೆ ಬಾಗಿದ ನಾಲ್ಕು ಭಾರಿ ಆನೆದಂತಗಳವು.

ಬೀದಿಯಲ್ಲಿ ಹೋಗುವ ಹಾದಿ ಬೇರೆ, ಬರುವ ಹಾದಿ ಬೇರೆ. ಒಂದೊಂದು ಹಾದಿಯ ಇಕ್ಕೆಲದಿಂದಲೂ ಒಂದೊಂದು ದಂತ ಮೇಲೆದ್ದು, ನೆತ್ತಿಯಲ್ಲಿ ಒಂದನ್ನೊಂದು ಹಾಯುತ್ತದೆ. ದೂರದಿಂದ ನೋಡಿದರೆ ಎರಡು ಜೋಡಿಗಳೂ ಕೂಡಿ ಇಂಗ್ಲಿಷಿನ 'ಎಂ' ಅಕ್ಷರ, ಎಂದರೆ ಊರಿನ ಹೆಸರಿನ ಮೊದಲಕ್ಷರ. ಕೆಳಗೆ ಬಸ್ಸುಗಳು, ಮಟಾಟು ಎಂಬ ಬಾಡಿಗೆಯ ವ್ಯಾನುಗಳು, ಅಲ್ಲಿಯವರು 'ಟುಕ್-ಟುಕ್' ಎಂದು ಕರೆಯುವ ಆಟೋರಿಕ್ಷಾಗಳು ಎಡೆಬಿಡದೆ ನುಸುಳುತ್ತಿರುತ್ತವೆ. ಚಿತ್ರ ತೆಗೆಸಿಕೊಳ್ಳುವ ಸಡಗರದಲ್ಲಿ ಹಾದಿಯ ನಡುವೆಯೇ ನಿಂತವರು ಬೈಗುಳ ತಿನ್ನುವುದೂ ಉಂಟು. ಹತ್ತಿರ ಹೋದವರಿಗೆ ಗುಟ್ಟು ತಿಳಿಯುತ್ತದೆ. ಅದು ದಂತವಲ್ಲ, ಅಲ್ಯೂಮಿನಿಯಂ. ತಗಡುಗಳನ್ನು ಕೂಡಿಸಿದ ಗೆರೆಗಳು ಕಾಣುತ್ತವೆ.

ಸ್ವಾಹಿಲಿ ಭಾಷೆಯಲ್ಲಿ ಇದರ ಹೆಸರು 'ಪೆಂಬೆ ಜಾ ನ್ಡೋವು', ಆನೆಯ ಕೊಂಬುಗಳು. ಅವರಿಗೆ ಕೊಂಬಿಗೂ ದಂತಕ್ಕೂ ಒಂದೇ ಮಾತು. ಕನ್ನಡದ ಕೋಡು, ಕೊಂಬುಗಳೂ ಎರಡಕ್ಕೂ ಸಲ್ಲುತ್ತವೆಂಬುದನ್ನು ಇಲ್ಲಿ ನೆನೆಯಬಹುದು.

೧೯೫೨ರ ರಾಜಭೇಟಿಯ ನೆನಪಿಗಾಗಿ ಈ ಕಮಾನು ಎದ್ದಿತೆಂದು ಹೇಳುತ್ತಾರೆ. ಆಗ ದೇಶ ಬ್ರಿಟಿಷರದು, ಬೀದಿಯ ಹೆಸರು ಕಿಲಿಂಡಿನಿ ರಸ್ತೆ. ಆದರೆ ಆ ಭೇಟಿಯ ಕಥೆಯೇ ವಿಚಿತ್ರವಾದುದು. ರಾಜಕುಮಾರಿ ಎಲಿಜಬೆತ್ ಒಳನಾಡಿನ ಕಾಡಿನಲ್ಲಿ, ಮರದ ಮೇಲಣ ಮನೆಯೊಂದರಲ್ಲಿ ಕುಳಿತು ಕಾಡುಪ್ರಾಣಿಗಳನ್ನು ನೋಡುತ್ತ ರಾತ್ರಿ ಕಳೆದರು. ಫೆಬ್ರವರಿ ೬ರಂದು ತಂದೆ ತೀರಿಕೊಂಡ ಸುದ್ದಿ ಬಂದಿತು. ಮೊಂಬಾಸಾದ ರೇವಿನಲ್ಲಿ 'ಗಾಥಿಕ್' ಹಡಗು ಆಕೆಗಾಗಿ ಕಾದಿತ್ತು. ರಾಣಿಯಾದವರು ಅದನ್ನೇರದೆ ವಿಮಾನದಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ತಂಗಿ ಮಾರ್ಗರೆಟ್ ೧೯೫೬ರಲ್ಲಿ ಆ ಊರನ್ನು ನೋಡಿದರು.

ಅತಿಥಿಯ ಸ್ವಾಗತಕ್ಕೆ ದಂತವೇ ಏಕೆ? ಊರು ಅದರಿಂದ ಉಂಡಿತ್ತು. ಒಳನಾಡಿನಿಂದ ಕರಾವಳಿಗೆ ನೂರಾರು ಮೈಲಿ, ಮನುಷ್ಯರ ಹೆಗಲ ಮೇಲೆ ದಂತ ಬರುತ್ತಿತ್ತು. ಹೊತ್ತವರಲ್ಲಿ ಎಷ್ಟೋ ಜನ ದಾಸರು. ದಂತದೊಡನೆ ಅವರೂ ಮಾರಾಟವಾಗುತ್ತಿದ್ದರು. ಈ ವ್ಯಾಪಾರದಲ್ಲಿ ಕಚ್ಛ್, ಗುಜರಾತಿನ ವರ್ತಕರಿಗೂ ಪಾಲಿತ್ತು. ಮುಂಬಯಿಗೆ ಬಂದ ಆಫ್ರಿಕದ ದಂತ ಮದುವಣಗಿತ್ತಿಯರ ಬಳೆಯಾಗುತ್ತಿತ್ತು. ೧೮೯೮ರಲ್ಲಿ ಕಿಲಿಮಂಜಾರೋ ಬಳಿ ಕೊಂದ ಒಂದು ಸಲಗದ ದಂತಗಳು ಒಂದೊಂದೂ ೧೦೦ ಕಿಲೋಗ್ರಾಮಿಗೆ ಮಿಗಿಲಾಗಿದ್ದುವು. ನಮ್ಮ ಆನೆಗಳಲ್ಲಿ ಗಂಡಿಗೆ ಮಾತ್ರ ಇಂಥ ದಂತ. ಆಫ್ರಿಕದಲ್ಲಿ ಹೆಣ್ಣಿಗೂ ಉಂಟು. ಆದುದರಿಂದ ಬೇಟೆಗಾರನ ಕಣ್ಣಿಗೆ ತಾಯಾನೆಯೂ ಬಿದ್ದಿತು. ೧೯೭೩ರ ಅಂದಾಜಿನಂತೆ ಕೀನ್ಯಾದಲ್ಲಿ ೧,೬೭,೦೦೦ ಆನೆಗಳಿದ್ದುವು. ೧೯೮೯ರ ವೇಳೆಗೆ ೨೦,೦೦೦ವೂ ಉಳಿದಿರಲಿಲ್ಲ. ೧೯೭೭ರಲ್ಲಿ ಬೇಟೆಯನ್ನೇ ನಿಷೇಧಿಸಿದ ದೇಶದ ಗತಿ ಇದು!

ಆ ೧೯೮೯ರ ಜುಲೈ ತಿಂಗಳಲ್ಲಿ ಕೀನ್ಯಾದ ಅಧ್ಯಕ್ಷರು ನೈರೋಬಿಯ ವನ್ಯೋದ್ಯಾನದಲ್ಲಿ, ಕಳ್ಳರಿಂದ ವಶಪಡಿಸಿಕೊಂಡಿದ್ದ ೧೨ ಟನ್ ದಂತವನ್ನು ರಾಶಿ ಹಾಕಿಸಿ ತಮ್ಮ ಕೈಯಾರೆ ಬೆಂಕಿಯಿಟ್ಟರು. ಅದೇ ವರ್ಷ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂದಿತು. ಬೆಂಕಿಯಿಟ್ಟ ಆ ಅಧ್ಯಕ್ಷರ ಹೆಸರು ಡೇನಿಯಲ್ ಅರಪ್ ಮೋಯಿ. ತಗಡಿನ ದಂತಗಳು ನಿಂತಿರುವ ಬೀದಿ ಅವರ ಹೆಸರಿನದೇ. ೨೦೧೬ರ ಏಪ್ರಿಲಿನಲ್ಲಿ ಅದೇ ಉದ್ಯಾನದಲ್ಲಿ ೧೦೫ ಟನ್ ದಂತ ಸುಟ್ಟಿತು. ಇಷ್ಟು ಬೆಲೆಬಾಳುವುದನ್ನು ಸುಡುವುದೇ ಎಂದು ಕೇಳಿದವರಿಗೇನೂ ಕೊರತೆಯಿರಲಿಲ್ಲ. ಬೆಲೆ ಬಾಳುವುದರಿಂದಲೇ ಸುಡಬೇಕಾಯಿತೆಂಬುದನ್ನು ಅವರು ಮರೆತಿದ್ದರು.

ಈ ಎರಡು ಬೆಂಕಿಗಳ ನಡುವೆ, ೨೦೧೪ರ ಜೂನ್ ತಿಂಗಳಲ್ಲಿ, ಮೊಂಬಾಸಾದಲ್ಲಿಯೇ ಒಂದು ಉಗ್ರಾಣವನ್ನು ಶೋಧಿಸಿದಾಗ ಎರಡು ಟನ್ನಿಗೆ ಮಿಕ್ಕಿ ದಂತ ಸಿಕ್ಕಿತು. ತುಂಡುಗಳನ್ನು ಬಿಟ್ಟು, ಅಖಂಡವಾಗಿದ್ದುವೇ ೨೨೮. ಎಂದರೆ ೧೧೪ ಆನೆಗಳಿಗೆ ಕಡಮೆಯಿಲ್ಲ.