ಮಾರ್ಚ್ ತಿಂಗಳ ತರಬೇತಿ ಬೇಡ, ಹೊಲದಲ್ಲಿ ಕಲಿಸಿ!

ರಾಗಿ ಸೀಮೆಯ ರೈತ ಬಂಧುಗಳೇ, ಅಕ್ಕತಂಗಿಯರೇ,

ಮೊನ್ನೆ ಮಾರ್ಚ್ ಕೊನೆಯ ವಾರ ಅಧಿಕಾರಿಗಳು ನಮ್ಮನ್ನು ಸಭಾಂಗಣಕ್ಕೆ ಕರೆಸಿ ಸಾವಯವ ಕೃಷಿ ತರಬೇತಿ ಕೊಟ್ಟರು. ದೀಪ ಬೆಳಗಿದರು, ಭಾಷಣ ಮಾಡಿದರು, ಊಟ ಹಾಕಿಸಿದರು, ಸಹಿ ಹಾಕಿಸಿಕೊಂಡು ಕಳಿಸಿದರು. ಆವತ್ತು ನಮ್ಮ ಹೊಲಗಳಲ್ಲಿ ಒಂದು ಹಸಿರೆಲೆ ಇತ್ತೇ? ಕಳೆ ಇಲ್ಲ, ಹುಳ ಇಲ್ಲ, ನೆಲದಲ್ಲಿ ಹನಿ ತೇವ ಇಲ್ಲ. ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕಿತ್ತು, ಆಯಿತು. ರೈತ ಕಲಿತನೋ ಬಿಟ್ಟನೋ ಯಾರಿಗೆ ಬೇಕು?

ಬೇಸಾಯ ಮಳೆಯ ಜೊತೆ ಕಲಿಯುವ ವಿದ್ಯೆ. ಮುಂಗಾರಿಗೆ ಮುಂಚಿನ ಮಳೆಗೆ ಸೆಣಬು ಚೆಲ್ಲಿ, ಹೂ ಕಾಣುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬೇಕು. ತಡವಾದರೆ ಕಾಂಡ ನಾರಾಗುತ್ತದೆ, ಬೇಗ ಕೊಳೆಯುವುದಿಲ್ಲ. ಆ ಹದ ಕಾಂಡ ಮುರಿದವರ ಕೈಗೇ ಗೊತ್ತಾಗುವುದು. ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು, ಸಾಸಿವೆ ಇಡುತ್ತೇವೆ. ಅವರೆಯ ಬೇರು ಕಿತ್ತು ಗಂಟು ಸೀಳಿದಾಗ ಒಳಗೆ ಕೆಂಪಗಿದ್ದರೆ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ. ಮಾರ್ಚ್‌ನಲ್ಲಿ ಯಾವ ಬೇರು ಕೀಳೋಣ ಸ್ವಾಮಿ? ಎಕರೆಗೆ ಜೀವಾಮೃತ ಅಂದರೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಬದುವಿನ ಹಿಡಿ ಮಣ್ಣು ಎಂದು ಗೋಡೆಯ ಮೇಲೆ ತೋರಿಸಿದರು. ಹೊದಿಕೆಯಿಲ್ಲದ ಒಣ ನೆಲಕ್ಕೆ ಅದನ್ನು ಸುರಿದರೆ ಬೆಲ್ಲವೂ ದಂಡ, ದುಡಿಮೆಯೂ ದಂಡ. ಅದನ್ನು ಯಾರೂ ಹೇಳಲಿಲ್ಲ.

ಇನ್ನೊಂದು ಅನ್ಯಾಯ ಕೇಳಿ. ಪಹಣಿ ಇದ್ದವರಿಗೆ ಮಾತ್ರ ಕರೆ! ಬೀಜಕ್ಕೆ ಬೂದಿ ಬೆರೆಸಿ ಕಾಪಾಡುವವಳು, ಕಳೆ ಕೀಳುವವಳು, ಕೊಟ್ಟಿಗೆ ಬಳಿಯುವವಳು ಮನೆಯಲ್ಲೇ ಉಳಿದಳು. ಪಹಣಿಯಲ್ಲಿ ಅವಳ ಹೆಸರಿಲ್ಲವಲ್ಲ! ಅರ್ಧ ಬೇಸಾಯ ಬಲ್ಲವಳನ್ನು ಹೊರಗಿಟ್ಟು ಯಾರಿಗೆ ಕಲಿಸಿದಿರಿ?

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ದೊಡ್ಡಬಳ್ಳಾಪುರದ ಹತ್ತಿರ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟದಲ್ಲೇ, ಮರದ ಬುಡದಲ್ಲೇ ಕಲಿಸಿದರು. ದಾರಿ ಗೊತ್ತಿದ್ದೂ ನಮ್ಮನ್ನು ಕುರ್ಚಿಗೆ ಕಟ್ಟಿ ಹಾಕುತ್ತಾರೆ.

ಹೊಲಕ್ಕೆ ಬರಲು ಸಿಬ್ಬಂದಿ ಇಲ್ಲವಂತೆ. ದೀಪ ಹಚ್ಚಲು ವೇದಿಕೆ ತುಂಬ ಇದ್ದರಲ್ಲ! ಸಾವಯವದಲ್ಲಿ ಇಳುವರಿ ಬೀಳುತ್ತದಂತೆ. ಮಾರ್ಚ್‌ನಲ್ಲಿ ಪಾಠ ಹೇಳಿ ಜುಲೈನಲ್ಲಿ ಕೈಬಿಟ್ಟರೆ ಬೀಳದೆ ಏನಾಗುತ್ತದೆ?

ಸಾವಯವದವರೇ, ನೈಸರ್ಗಿಕದವರೇ, ನಿಮಗೂ ಎರಡು ಮಾತು. ಎರೆಗೊಬ್ಬರ ಬೇಕೋ ಬೇಡವೋ ಎಂದು ಒಬ್ಬರ ಮೇಲೊಬ್ಬರು ಬಿದ್ದು ಎಷ್ಟು ವರ್ಷ ಕಳೆಯುತ್ತೀರಿ? ನೀವು ಜಗಳವಾಡುವಾಗ ಬಾಟಲಿ ಮಾರುವವನು ನಮ್ಮ ಅಂಗಳಕ್ಕೆ ಬಂದಾಯಿತು. ಸಗಣಿ ಕಲಸಲು ಗೊತ್ತಿದ್ದವನೇ ಇವತ್ತು ಸಾವಯವ ದ್ರಾವಣವನ್ನು ಸಾಲದಲ್ಲಿ ಕೊಳ್ಳುತ್ತಿದ್ದಾನೆ. ಇದರಲ್ಲಿ ನಿಮ್ಮ ಪಾಲೂ ಇದೆ!

ರೈತರೇ, ರೋಹಿಣಿ ಮಳೆಗೆ ಮುಂಚೆ ಊರೂರಿನಿಂದ ದನಿ ಏಳಬೇಕು. ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ಕಲಿಕೆ ಹೊಲಕ್ಕೆ ಬರಲಿ, ಬಿತ್ತನೆಯಿಂದ ಕಣದವರೆಗೆ ಜೊತೆಗಿರಲಿ, ಹೆಂಗಸರನ್ನೂ ಕರೆಯಲಿ ಎಂದು ನಡಾವಳಿಯಲ್ಲಿ ಬರೆಸಿ. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಸಭಾಂಗಣಕ್ಕೆ ಕರೆದರೆ ಹಾಜರಿ ಪುಸ್ತಕಕ್ಕೆ ಒಬ್ಬರೂ ಸಹಿ ಹಾಕಬೇಡಿ!

ಇಂತಿ,
ರಾಗಿ ಹೊಲದ ರೈತರು, ರೈತ ಮಹಿಳೆಯರು
(ಓದಿ, ಪಕ್ಕದ ಊರಿಗೆ ದಾಟಿಸಿ)