ಡ್ರೋನಿನ ಎಲ್ಲೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮದುವೆಯ ಚಪ್ಪರದ ಮೇಲಾಗಲಿ, ಜಾತ್ರೆಯ ಗದ್ದೆಯ ಮೇಲಾಗಲಿ ಡ್ರೋನ್ ಗುಂಯ್ಗುಡುವುದು ಈಗ ಸೋಜಿಗದ ಸಂಗತಿಯಲ್ಲ. ಅದನ್ನು ಹಾರಿಸತಕ್ಕ ತರುಣರಲ್ಲಿ ಕೆಲವರು ತಮ್ಮನ್ನು ಕೇಳುವವರಿಲ್ಲವೆಂದು ಬಗೆದಿರುವರು. ಕೆಲವರು ಸರ್ವವೂ ನಿಷಿದ್ಧವೆಂದು ಅಂಜುತ್ತಿರುವರು. ಎರಡೂ ತಪ್ಪು ತಿಳಿವಳಿಕೆಗಳೇ.

ಕೇಂದ್ರ ಸರಕಾರದವರು 2021ನೆಯ ಇಸವಿ ಆಗಸ್ಟ್ 25ರಂದು ಪ್ರಕಟಿಸಿದ ನಿಯಮಗಳಂತೆ ಆಕಾಶವು ಹಸುರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿದೆ. ಹಸುರಿನಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ಹಳದಿಯಲ್ಲಿ ವಿಮಾನಸಂಚಾರ ನಿಯಂತ್ರಣಾಧಿಕಾರಿಗಳ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ್ದೇ ಬೇಕು. ಹಿಂದೆ ಹಳದಿ ವಲಯವು ವಿಮಾನನಿಲ್ದಾಣದ ಆವರಣದಿಂದ 45 ಕಿಲೋಮೀಟರ್ ಚಾಚಿಕೊಂಡಿತ್ತು. ಬಜಪೆಯಿಂದ ನೇರ ರೇಖೆಯಲ್ಲಿ ಸುಮಾರು 40 ಕಿಲೋಮೀಟರ್ ದೂರದ ಪುತ್ತೂರು ಪೇಟೆ ಆ ಲೆಕ್ಕಕ್ಕೆ ಒಳಗಾಗುತ್ತಿತ್ತು. ಸುಳ್ಯ, ಕಡಬ ಪೇಟೆಗಳು ಹೊರಗುಳಿಯುತ್ತಿದ್ದವು. ಈಗ ಆ ಎಲ್ಲೆ 12 ಕಿಲೋಮೀಟರಿಗೆ ಇಳಿದಿರುವುದು ಯುಕ್ತವೇ ಸರಿ.

ಆದರೆ ಪುತ್ತೂರಿನ ಛಾಯಾಗ್ರಾಹಕನು ಮದುವೆಯ ಕರೆ ಬಂದು ಬಜಪೆಗೋ ಕಾವೂರಿಗೋ ಹೋದನೆಂದರೆ ಊರಿನ ಸಲುಗೆ ಅಲ್ಲಿ ನಡೆಯದು. ಆವರಣದಿಂದ 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಯವರೆಗೆ ಮಾತ್ರ ಸ್ವಾತಂತ್ರ್ಯ. 8 ಕಿಲೋಮೀಟರಿನ ಒಳಗೆ ಅನುಮತಿಯಿಲ್ಲದೆ ಮೇಲೆತ್ತಲೇ ಕೂಡದು. ಬಜಪೆಯದು ಗುಡ್ಡದ ನೆತ್ತಿಯ ಓಡುದಾರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಅದನ್ನು ಮೀರಿ ಕಮರಿಗುರುಳಿ 158 ಜನ ಮಡಿದುದನ್ನು ಈ ಜಿಲ್ಲೆ ಮರೆಯಲಾರದು. ಆ ದುರಂತಕ್ಕೂ ಡ್ರೋನಿಗೂ ಸಂಬಂಧವಿಲ್ಲ, ನಿಜ. ಆದರೂ ಅಂಥ ನೆಲಕ್ಕಿಳಿಯುವ ವಿಮಾನಚಾಲಕನ ಕಣ್ಣೆದುರು ಆಟದ ವಸ್ತುವೊಂದು ಸುಳಿಯುವುದು ಸಲ್ಲದೆಂದು ಯಾರಿಗೂ ವಿವರಿಸಬೇಕಾಗಿಲ್ಲ.

250 ಗ್ರಾಮಿಗೆ ಮೀರಿದ ಡ್ರೋನಿಗೆ ನೋಂದಣಿಯ ಸಂಖ್ಯೆಯೂ ಅನ್ಯರಿಗಾಗುವ ಹಾನಿಗೆ ವಿಮೆಯೂ ಬೇಕು. 2 ಕಿಲೋಗ್ರಾಮಿನವರೆಗಿನದನ್ನು ಬರಿಯ ಹವ್ಯಾಸಕ್ಕೆ ಹಾರಿಸಲು ಚಾಲಕನ ಪ್ರಮಾಣಪತ್ರ ಬೇಡ; ಸಂಬಳಕ್ಕೆ ಮದುವೆಯ ಚಿತ್ರ ತೆಗೆಯುವುದು ಹವ್ಯಾಸವಲ್ಲ. ಕುಮಾರಪರ್ವತದ ಕಡೆಯ ಅಭಯಾರಣ್ಯಕ್ಕೆ ಅರಣ್ಯದ ಕಾನೂನು ಬೇರೆಯೇ ಉಂಟು. ಹಸುರು ವಲಯವೆಂಬುದು ಅದಕ್ಕೆ ರಹದಾರಿಯಾಗದು.

ಇಷ್ಟು ಪ್ರಜೆಗಳ ಕರ್ತವ್ಯ. ಅಧಿಕಾರಿಗಳ ಕರ್ತವ್ಯವೂ ಒಂದಿದೆ. ತುರ್ತು ಸಂದರ್ಭದಲ್ಲಿ ಒಂದು ಸ್ಥಳವನ್ನು ತಾತ್ಕಾಲಿಕವಾಗಿ ಕೆಂಪು ವಲಯವೆಂದು ಸಾರುವ ಅಧಿಕಾರ ರಾಜ್ಯ ಸರಕಾರಕ್ಕೂ ಪೊಲೀಸು ಇಲಾಖೆಗೂ ಇದೆ. ಆದರೆ ಒಮ್ಮೆಗೆ 96 ಗಂಟೆ ಮೀರಕೂಡದು, ಜಿಲ್ಲಾ ಪೊಲೀಸು ಅಧೀಕ್ಷಕರ ದರ್ಜೆಗಿಂತ ಕೆಳಗಿನವರು ಸಾರಕೂಡದು, ಅದು ನಕ್ಷೆಯಲ್ಲಿ ಕಾಣಿಸಬೇಕು. ಪೇದೆಯ ಬಾಯಿಮಾತು ಆಜ್ಞೆಯಾಗದು. ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಬೆಡಿ ಸುಡುವ ರಾತ್ರಿ ಜನಸಂದಣಿಯ ಮೇಲೆ ಡ್ರೋನ್ ಬೇಡವೆಂದು ನಿರ್ಣಯಿಸಿದರೆ ನಾವೇ ಮೊದಲು ಸ್ವಾಗತಿಸುವೆವು. ಆ ನಿರ್ಣಯವು ಗ್ರಾಮಗಳ ಹೆಸರು, ಗಂಟೆ, ತಾರೀಕುಗಳೊಡನೆ ಕನ್ನಡದಲ್ಲಿ ಮುಂಚಿತವಾಗಿ ಠಾಣೆ, ಪಂಚಾಯತಿ, ದೇವಸ್ಥಾನಗಳ ಬಾಗಿಲಲ್ಲಿ ಅಂಟಿಸಲ್ಪಡಬೇಕು. ಕೇಂದ್ರದ ರಾಜಪತ್ರವು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗುತ್ತದೆ. ಕಡಬದ ಕೃಷಿಕನ ಮಗನು ಅದನ್ನು ಓದಿ ನಡೆಯಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಜಿಲ್ಲಾಧಿಕಾರಿಗಳು ನಿಯಮಗಳ ಕನ್ನಡ ಸಾರಾಂಶವನ್ನು ಮೂರೂ ತಾಲೂಕು ಕಚೇರಿಗಳಲ್ಲಿ ಬರುವ ಜಾತ್ರೆಗಳ ಕಾಲಕ್ಕೆ ಮುನ್ನವೇ ಒದಗಿಸಬೇಕೆಂದು ಕೇಳಿಕೊಳ್ಳುತ್ತೇವೆ.