ಕಡೀಕ ಯಾಕ ಸಾಯಬೇಕ್ರಿ?

ಮಧ್ಯಾಹ್ನ ಮೂರರ ಹೊತ್ತಿಗೆ ಶೇಡಬಾಳದ ನಮ್ಮ ಓಣಿಯ ಕಟ್ಟೆ ತುಂಬುತ್ತದೆ. ಒಬ್ಬಳು ಶೇಂಗಾ ಸುಲಿಯುತ್ತಿರುತ್ತಾಳೆ, ಇನ್ನೊಬ್ಬಳು ಜೋಳ ಹಸನು ಮಾಡುತ್ತಿರುತ್ತಾಳೆ, ಮಾತಿಗೆ ಮಾತ್ರ ಯಾರಲ್ಲೂ ಕೊರತೆಯಿಲ್ಲ. ದೀಪಾವಳಿ ರಜೆಗೆ ಪುಣೆಯಿಂದ ಬಂದಿದ್ದ ನನ್ನ ಅಕ್ಕನ ಮಗಳು ಅಲ್ಲೇ ಮೂಲೆಯಲ್ಲಿ ಕುಳಿತು ಒಂದು ಇಂಗ್ಲಿಷ್ ಕಾದಂಬರಿ ಓದುತ್ತ ನಗುತ್ತಿದ್ದಳು.

"ಏನವಾ ಅದು, ಒಬ್ಬಾಕೀನ ನಗಾಕ ಹತ್ತೀಯಲ್ಲ?" ಎಂದು ಎದುರುಮನೆಯ ಆಯಿ ಕೇಳಿದರು.

ಅವಳು ಕಥೆ ಹೇಳಿದಳು. ಹೆಲೆನ್ ಫೀಲ್ಡಿಂಗ್ ಎಂಬಾಕೆ 1996ರಲ್ಲಿ ಬ್ರಿಜೆಟ್ ಜೋನ್ಸ್ ಎಂಬ ಹುಡುಗಿಯ ದಿನಚರಿಯನ್ನು ಕಾದಂಬರಿ ಮಾಡಿ ಬರೆದಳಂತೆ. 2013ರಲ್ಲಿ ಬಂದ ಮೂರನೆಯ ಪುಸ್ತಕದಲ್ಲಿ ಆ ಬ್ರಿಜೆಟ್ಟಳಿಗೆ ಐವತ್ತೊಂದು ವರ್ಷ. ಗಂಡ ತೀರಿಕೊಂಡಿದ್ದಾನೆ. ಚಿಕ್ಕ ಮಕ್ಕಳು ಎರಡು. ಮಕ್ಕಳ ತಲೆಯ ಹೇನು ತೆಗೆಯುತ್ತ, ಶಾಲೆಗೆ ತಡವಾಯಿತೆಂದು ಓಡುತ್ತ, ನಡುವೆಯೇ ತನಗಿಂತ ಬಹಳ ಚಿಕ್ಕವನೊಬ್ಬನನ್ನು ಮೆಚ್ಚುತ್ತಾಳೆ. ಆ ಸಂಬಂಧ ಉಳಿಯುವುದಿಲ್ಲ. ಕೊನೆಗೆ ಮಗನ ಶಾಲೆಯ ಮಾಸ್ತರನೊಬ್ಬ ಅವಳ ಬಾಳಿಗೆ ಬರುತ್ತಾನೆ.

"ಅಯ್ಯ ಶಿವನ! ಎರಡು ಮಕ್ಕಳ ತಾಯಿ ಅಂತೀ. ನಾಚಿಕಿ ಇಲ್ಲೇನ ಆಕೀಗೆ? ಇಂಥಾವು ಓದೇ ಹುಡುಗ್ಯಾರು ಕೆಡೂದು" ಎಂದರು ಆಯಿ. ಹಾದಿಯಲ್ಲಿ ಹೊರಟಿದ್ದ ನಿವೃತ್ತ ಗುರುಗಳೊಬ್ಬರು ನಿಂತು, "ಅದು ಸಾಹಿತ್ಯ ಅಲ್ಲವಾ, ಬರೇ ಟೈಂಪಾಸು. ಹೆಣ್ಣುಮಕ್ಕಳು ಓದೂದ ಅಂಥಾದ್ದು" ಎಂದು ಹೇಳಿ ಮುಂದೆ ಹೋದರು.

ಐದು ನಿಮಿಷದಲ್ಲಿ ಎರಡು ತೀರ್ಪು. ಒಂದು, ಈ ಪುಸ್ತಕ ಕೆಟ್ಟದ್ದು. ಎರಡು, ಈ ಪುಸ್ತಕ ಹಗುರಾದದ್ದು. ನನ್ನ ತಕರಾರು ಈ ಎರಡರ ಮೇಲೂ ಇದೆ. ಆಮೇಲೆ, ಮುಚ್ಚಿಡುವುದೇಕೆ, ನಾನು ತಲೆಯ ಮೇಲಿಟ್ಟುಕೊಂಡು ಬಂದ ನಮ್ಮ ಲೇಖಕಿಯರ ಮೇಲೂ ಸ್ವಲ್ಪ ಇದೆ.

ಮೊದಲು ಗುರುಗಳ ಮಾತು. ಇಂಥ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ 'ಚಿಕ್ ಲಿಟ್' ಎಂಬ ಹೆಸರು. ಚಿಕ್ ಎಂದರೆ ಕೋಳಿಮರಿ. ಹೆಣ್ಣು ಬರೆದು ಹೆಣ್ಣು ಓದಿದರೆ ಅದು ಕೋಳಿಮರಿ ಸಾಹಿತ್ಯ! ನಾವೇನು ಕಡಿಮೆಯೇ? ನಮ್ಮಲ್ಲಿ 'ಅಡುಗೆಮನೆ ಸಾಹಿತ್ಯ' ಎಂಬ ಬಿರುದು ಅದಕ್ಕೂ ಮೊದಲೇ ತಯಾರಾಗಿತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಹೆಣ್ಣಿನ ಮನಸ್ಸಿನ ಕತ್ತಲೆಯ ಕೋಣೆಗಳಿಗೆ ದೀಪ ಹಿಡಿದು ಹೊಕ್ಕವರು. 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತನಾಲ್ಕು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂತು. ಆಗ ಅವರಿಗೆ ನಲವತ್ತಾರು. ಹೆಚ್ಚು ಶಾಲೆ ಕಲಿಯದೆ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಸಂಸಾರ ತೂಗಿಸಿದವರು. ಅಡುಗೆಮನೆಯಿಂದಲೇ ಬಂದರು, ನಿಜ. ಅಡುಗೆಮನೆಯಲ್ಲಿ ನಡೆಯುವುದು ಬದುಕಲ್ಲ, ಅದು ಅಂಗಳದಾಚೆಯೇ ಇದೆ ಎಂದು ಗೊತ್ತುಮಾಡಿದವರು ಯಾರು? ಮೂರು ಹೊತ್ತು ಉಂಡು ಕೈತೊಳೆದವರೇ ಅಲ್ಲವೇ?

ಇನ್ನು ಆಯಿಯ ಮಾತು. ಪುಸ್ತಕ ಓದಿ ಹೆಣ್ಣು ಕೆಡುತ್ತಾಳೆಂಬುದು ನಿಜವಾಗಿದ್ದರೆ ಅಕ್ಷರ ಬಾರದ ಕಾಲದಲ್ಲಿ ಯಾವ ಹೆಣ್ಣೂ ಮೋಸ ಹೋಗಬಾರದಿತ್ತು. ನಮ್ಮ ಸೀಮೆಯನ್ನೇ ನೋಡಿ. ಅಥಣಿ, ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡು ದೇವರ ಹೆಸರಿನಲ್ಲಿ ಗಂಡನಿಲ್ಲದೆ ಮಕ್ಕಳನ್ನು ಹೆತ್ತು ಸಾಕಿದವರು ಎಷ್ಟು ಜನ! ಅವರು ಯಾವ ಕಾದಂಬರಿ ಓದಿದ್ದರು? ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ. ಆ ಮಕ್ಕಳ ಅಪ್ಪಂದಿರು ಅದೇ ಊರಿನಲ್ಲಿ ಮರ್ಯಾದಸ್ಥರಾಗಿ ಬಾಳಿದರು. ಅವರಿಗೆ ಹಿಂದಿನದು ಎಂಬುದೇ ಇರಲಿಲ್ಲ. ಹಿಂದಿನದು ಇದ್ದದ್ದು ತಾಯಿಗೆ ಮಾತ್ರ.

ಈಗ ನನ್ನವರ ಮೇಲಿನ ತಕರಾರು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬಾಕೆ ಇದ್ದಾಳೆ. ಗಂಡ ಬಿಟ್ಟುಹೋಗಿ ಹತ್ತು ವರ್ಷದ ಮೇಲಾಯಿತು. ನಡುವೆ ಒಬ್ಬ ಆಸರೆಯಾಗುತ್ತೇನೆಂದು ಬಂದ, ಎರಡು ವರ್ಷ ಇದ್ದು ಅವನೂ ಹೋದ. ಊರಿಗೆಲ್ಲ ಗೊತ್ತು. ಹೊಲಿಗೆ ಯಂತ್ರ ತುಳಿದು ಮಗಳನ್ನು ಒಂಬತ್ತನೆಯ ತರಗತಿಯವರೆಗೆ ತಂದಿದ್ದಾಳೆ. ಒಂದು ಸಂಜೆ ನಮ್ಮ ಮನೆಯ ಟಿವಿಯಲ್ಲಿ 'ಗೆಜ್ಜೆಪೂಜೆ' ಬಂತು. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1969ರಲ್ಲಿ ಸಿನಿಮಾ ಮಾಡಿದ್ದು. ಒಬ್ಬ ತಾಯಿ, ಕೈಕೊಟ್ಟುಹೋದ ಅವಳ ಪ್ರಿಯಕರ, ಅವಳ ಮಗಳು ಚಂದ್ರಾ. ತಾಯಿಯ ಹಿಂದಿನದು ಮಗಳ ಕಾಲಿಗೆ ಗೆಜ್ಜೆಯಾಗಿ ಸುತ್ತಿಕೊಳ್ಳುತ್ತದೆ. ಚಂದ್ರಾ ಸಾಯುವಾಗ ನಾನು ಎಂದಿನಂತೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಪಕ್ಕಕ್ಕೆ ನೋಡಿದರೆ ಆಕೆಯ ಕಣ್ಣು ಒಣಗಿಯೇ ಇತ್ತು.

"ವೈನೀ, ಕಡೀಕ ಯಾಕ ಸಾಯಬೇಕ್ರಿ ಆ ಹುಡುಗಿ?" ಎಂದಳು. "ಸಾಯೂದು ಸಸಾರ ಐತ್ರಿ. ಮರುದಿನ ಎದ್ದು ನೀರ ತುಂಬಿ, ಮಗಳ ಜಡಿ ಹಾಕಿ, ಇದ ಓಣ್ಯಾಗ ಹಾದು ಹೋಗೂದು ಇರತದಲ್ರಿ, ಅದನ್ನ ಯಾರೂ ಬರ್ಯಾಂಗಿಲ್ಲೇನು?"

ನನ್ನ ಬಳಿ ಉತ್ತರವಿರಲಿಲ್ಲ. ಆ ಕಥೆ ಸಮಾಜದ ಕೆನ್ನೆಗೆ ಬಾರಿಸಲೆಂದೇ ಹಾಗೆ ಮುಗಿಯುತ್ತದೆ, ಕರುಣೆ ಹುಟ್ಟಿಸಲೆಂದೇ ಅವಳು ಸಾಯುತ್ತಾಳೆ ಎಂದು ಹೇಳಬಹುದಿತ್ತು. ಅದು ಸುಳ್ಳಲ್ಲ. ಆದರೆ ಅಂದು ನನ್ನ ಪಕ್ಕದಲ್ಲಿ ಕುಳಿತವಳ ಕಿವಿಗೆ ಬಿದ್ದದ್ದು ಬೇರೆ: ನಿನ್ನ ಹಿಂದಿನದು ನಿನ್ನ ಮಗಳನ್ನು ನುಂಗುತ್ತದೆ.

ಆಮೇಲೆ ಒಂದೊಂದೇ ನೆನಪಾಯಿತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣನವರೇ ಮಾಡಿದ 'ಶರಪಂಜರ' ನೋಡಿ. ಬಾಣಂತಿ ಕಾವೇರಿಗೆ ಬುದ್ಧಿಭ್ರಮಣೆಯಾಗಿ, ಮದುವೆಗೆ ಮುಂಚಿನದು ಬಾಯಿಗೆ ಬರುತ್ತದೆ. ಆಸ್ಪತ್ರೆಯಿಂದ ವಾಸಿಯಾಗಿ ಬಂದರೂ ಯಾರೂ ಅವಳನ್ನು ನಂಬುವುದಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬಳ ಹಿಂದೆ ಹೋದ ಗಂಡನಿಗೆ ಏನಾಯಿತು? ಏನೂ ಆಗುವುದಿಲ್ಲ. ಮತ್ತೆ ಹುಚ್ಚಿಯಾಗುವವಳು ಅವಳೇ. ನಮ್ಮ ಕಥೆಗಳಲ್ಲಿ ಹೆಣ್ಣಿನ ನೆನಪಿಗೆ ಎರಡೇ ದಾರಿ, ಮಸಣ ಇಲ್ಲವೇ ಹುಚ್ಚಾಸ್ಪತ್ರೆ.

ಬೇರೆ ದಾರಿ ನಮ್ಮವರಿಗೆ ಕಾಣಲೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ತ್ರಿವೇಣಿಯವರೇ 'ಹಣ್ಣೆಲೆ ಚಿಗುರಿದಾಗ'ದಲ್ಲಿ ವಿಧವೆಯ ಮರುಮದುವೆಯ ಮಾತೆತ್ತಿದರು. ಇಂದಿರಾ ಅವರೇ 1976ರ 'ಫಣಿಯಮ್ಮ'ದಲ್ಲಿ, ತಲೆ ಬೋಳಿಸಲು ಒಪ್ಪದ ದಾಕ್ಷಾಯಿಣಿಯ ಪರವಾಗಿ ಮಡಿ ಹೆಂಗಸು ಫಣಿಯಮ್ಮನನ್ನೇ ನಿಲ್ಲಿಸಿದರು. ಆದರೆ ಊರಿನ ನಾಲಿಗೆಯ ಮೇಲೆ ಉಳಿದದ್ದು ಚಂದ್ರಾ ಮತ್ತು ಕಾವೇರಿ. ಅಳಿಸುವ ಹೆಣ್ಣು ಎಲ್ಲರಿಗೂ ಬೇಕು, ವಾದಿಸುವ ಹೆಣ್ಣು ಬೇಡ.

ಇದೆಲ್ಲ ಬರೀ ಕಥೆಯ ಮಾತಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಓಣಿಯ ಕೊನೆಯ ಮನೆಯಾಕೆ ಮಗಳ ಒಂದು ಅರ್ಜಿ ಹಿಡಿದು ಹೋದಾಗ, "ತಂದಿ ಸಹಿ ತಗೊಂಡು ಬಾರವಾ" ಎಂದು ಎರಡು ಸಲ ತಿರುಗಿ ಕಳಿಸಿದರು. ಗಂಡ ಎಲ್ಲಿದ್ದಾನೆಂದು ಅವಳಿಗೇ ಗೊತ್ತಿಲ್ಲ. ಇಂಥದೇ ಒಂದು ಸಹಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವಳು ಒಬ್ಬ ಕಾದಂಬರಿಕಾರ್ತಿ, ಗೀತಾ ಹರಿಹರನ್. ಅಪ್ಪ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪಾಲಕಿಯಾಗಬಹುದೆಂದು ಕೋರ್ಟು 1999ರಲ್ಲಿ ಹೇಳಿತು. ಮದುವೆಯಾಗದ ತಾಯಿ ಮಗುವಿನ ಅಪ್ಪನಿಗೆ ನೋಟೀಸು ಕೊಡದೆಯೂ ಪಾಲಕಿಯಾಗಬಹುದೆಂದು 2015ರಲ್ಲಿ ತೀರ್ಪು ಬಂತು. ಕಾನೂನು ಅಷ್ಟು ದೂರ ನಡೆದಿದೆ. ಮೇಜಿನ ಆಚೆ ಕುಳಿತವನ ತಲೆಯಲ್ಲಿ ಇನ್ನೂ ಹಳೆಯ ಸಿನಿಮಾ ಓಡುತ್ತಿದೆ. ಅದಕ್ಕೇ ಕಥೆ ಬದಲಾಗಬೇಕು ಎನ್ನುವುದು.

ಬ್ರಿಜೆಟ್ಟಳದು ಮಹಾಕಾವ್ಯವಲ್ಲ. ಅವಳಿಗೆ ದುಡ್ಡಿನ ಚಿಂತೆಯಿಲ್ಲ, ನಮ್ಮಾಕೆಗೆ ಅದೇ ದೊಡ್ಡ ಚಿಂತೆ. ಆದರೂ ಆ ಕೋಳಿಮರಿ ಪುಸ್ತಕ ಒಂದು ಕೆಲಸ ಮಾಡಿದೆ. ಎರಡು ಮಕ್ಕಳ ತಾಯಿ ಮನಸ್ಸು ಮಾಡುತ್ತಾಳೆ, ಸೋಲುತ್ತಾಳೆ, ನಗೆಪಾಟಲಾಗುತ್ತಾಳೆ, ಮರುದಿನ ಮಕ್ಕಳನ್ನು ಶಾಲೆಗೆ ಬಿಡುತ್ತಾಳೆ. ಸಾಯುವುದಿಲ್ಲ. ನಮ್ಮ ಭಾಷೆಯಲ್ಲಿ ಬರೆಯುವ ತಂಗಿಯರೇ, ಹಾಗೆ ಬದುಕುವ ನಮ್ಮ ಸೀಮೆಯ ಒಬ್ಬಾಕೆಯನ್ನು ಬರೆಯಿರಿ. ಹಗುರವಾಗಿಯೇ ಬರೆಯಿರಿ, ನಗಿಸಿಯೇ ಬರೆಯಿರಿ. ಅಡುಗೆಮನೆ ಸಾಹಿತ್ಯ ಎಂದಾರು, ಅನ್ನಲಿ.

ಮೂರನೆಯ ಸಲ ಅರ್ಜಿ ಹಿಡಿದು ಆಕೆಯ ಜೊತೆ ನಾನೂ ಹೋದೆ. ತೀರ್ಪಿನ ಸುದ್ದಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದೆ. ಅರ್ಧ ತಾಸು ವಾದವಾಯಿತು. ಕೊನೆಗೆ ತಂದೆಯ ಸಹಿ ಎಂದಿದ್ದಲ್ಲಿ ಆಕೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಹೊರಗೆ ಬಂದು, "ನಡೀರಿ ವೈನಿ, ಬಿಸಲ ಬಂತು, ಹೊಲಗಿ ಹಂಗ ಉಳದೈತಿ" ಎಂದಳು.